ಬೂದಿ ಮಿಂದ ದಿನ: ಕೆಲವು ಟಿಪ್ಪಣಿಗಳು

ಜೂನ್ 9, ರಾತ್ರಿ

ಮೃಗಶಿರಾ ಮಳೆ ಹುಟ್ಟಿ ಎರಡು ದಿನ. ಇವತ್ತು ಹೊಳವಾಗಿತ್ತು, ಅಡಿಕೆ ತೋಟಕ್ಕೆ ಮೊದಲ ಸುತ್ತಿನ ಔಷಧಿ ಹೊಡೆಸಿದೆ. ಸಂಜೆ ನಾಲ್ಕೂವರೆಗೆ ಕೆಲಸ ಮುಗಿಸಿ, ಔಷಧಿ ಹೊಡೆಯುವ ಕೊನೆಗೌಡ ದೋಟಿ ಒರಗಿಸಿಟ್ಟು ಚಹಾ ಕುಡಿಯುತ್ತಿದ್ದ. ಡ್ರಮ್ಮಿನ ತಳದಲ್ಲಿ ಒಂದು ಗೇಣು ಬೋರ್ಡೋ ದ್ರಾವಣ ಉಳಿದಿತ್ತು. ಬಾಯಿಗೆ ಅಡ್ಡ ಇಟ್ಟದ್ದು ಒಂದು ಅಡಿಕೆ ಹಾಳೆ. ನಮ್ಮ ಬೆಕ್ಕು ಬೂದಿ ಅದರ ಮೇಲೆ ಕಾಲಿಟ್ಟಳು, ಹಾಳೆ ಮಡಚಿತು, ಅವಳು ಒಳಗೆ ಬಿದ್ದಳು. ಡ್ರಮ್ಮನ್ನು ವಾಲಿಸಿ ಹೊರಗೆ ತೆಗೆದಾಗ ಹೊಟ್ಟೆ, ನಾಲ್ಕೂ ಕಾಲು, ಅರ್ಧ ಬಾಲ ಎಲ್ಲ ತಿಳಿನೀಲಿ.

ಅವಳ ಬಣ್ಣ ಬೂದಿಯಲ್ಲ, ಕಪ್ಪು ಪಟ್ಟೆಯ ಕಂದು. ಮರಿಯಾಗಿದ್ದಾಗಿನಿಂದ ಬಚ್ಚಲ ಒಲೆಯ ಬೂದಿಯಲ್ಲಿ ಮಲಗುತ್ತಾಳೆಂದು ಮಗಳು ಇಟ್ಟ ಹೆಸರು.

ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲಿನ ತನ್ನ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದ. ನಮ್ಮ ಅಜ್ಜಂದಿರು ಕೊನೆಗೆ ಕೊಟ್ಟೆ ಕಟ್ಟಿ ಕಾಯುತ್ತಿದ್ದ ಅಡಿಕೆಯನ್ನು ಆಮೇಲೆ ಕಾದದ್ದು ಈ ನೀಲಿ ನೀರು. ಮರಕ್ಕೆ ಔಷಧಿ. ಆದರೆ ತಾಮ್ರದ ಉಪ್ಪು ಹೊಟ್ಟೆಗೆ ಹೋದರೆ ವಿಷ, ಸುಣ್ಣ ಚರ್ಮವನ್ನು ಸುಡುತ್ತದೆ.

ಅಮ್ಮ ಜಗಲಿಯಿಂದಲೇ ಹೇಳಿದರು: "ಎಂತಕ್ಕೆ ಅದನ್ನ ಮೀಯಿಸ್ತೀಯ? ಅದೇ ನೆಕ್ಕಿ ಚೊಕ್ಕ ಮಾಡ್ಕಳ್ತದೆ."

ನನ್ನ ಭಯ ಅದೇ ಆಗಿತ್ತು. ಬೇರೆ ಯಾವ ದಿನ ಕೆಸರು ಮೆತ್ತಿಕೊಂಡು ಬಂದರೂ ಅಮ್ಮನ ಮಾತೇ ಸರಿ. ಇವತ್ತು ಅವಳು ನೆಕ್ಕುವ ಮೊದಲು ನಾನು ತೊಳೆಯಬೇಕಿತ್ತು.

ಮೊದಲ ಸಲ ಮಾಡಿದ್ದನ್ನು ಇದ್ದ ಹಾಗೆ ಬರೆದಿಡುತ್ತೇನೆ. ಕುತ್ತಿಗೆಯ ಹಿಂಬದಿ ಹಿಡಿದು ಎತ್ತಿದೆ. ಬಚ್ಚಲಿಗೆ ಒಯ್ದು ಬಾಗಿಲು ಹಾಕಿದೆ. ಬಕೆಟ್ಟಿನೊಳಗೆ ಇಳಿಸಿ ನಲ್ಲಿ ಜೋರಾಗಿ ಬಿಟ್ಟೆ. ಅರ್ಧ ನಿಮಿಷವೂ ಆಗಿರಲಿಲ್ಲ. ಮೊಳಕೈಯಿಂದ ಮಣಿಕಟ್ಟಿನವರೆಗೆ ನಾಲ್ಕು ಗೀರು ಎಳೆದು, ನನ್ನ ಹೆಗಲೇರಿ, ಹಂಡೆಯ ಮೇಲಿಂದ ಬೆಳಕಿಂಡಿಗೆ ಹಾರಿ ಅಟ್ಟ ಸೇರಿದಳು. ಕೆಳಗಿನಿಂದ ನೋಡಿದರೆ ಮುಂಗಾಲು ನೆಕ್ಕಲು ಶುರು ಮಾಡಿದ್ದಳು.

ತಾಲ್ಲೂಕಿನ ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ನಾಲ್ಕೇ ಮಾತು. ಮೊದಲು ಟವೆಲಿನಲ್ಲಿ ಸುತ್ತಿ, ತಲೆ ಮಾತ್ರ ಹೊರಗಿರಲಿ, ಬಾಯಿ ಮೈಗೆ ಎಟುಕಬಾರದು. ಉಗುರುಬೆಚ್ಚಗಿನ ನೀರು, ಮಕ್ಕಳ ಶಾಂಪೂ ಸ್ವಲ್ಪ, ನೊರೆ ಪೂರ್ತಿ ಹೋಗುವ ತನಕ ತೊಳೆಯಿರಿ. ಮುಖಕ್ಕೆ ನೀರು ಹೊಯ್ಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ವಾಂತಿ ಮಾಡಿದರೆ, ಜೊಲ್ಲು ಸುರಿಸಿದರೆ ಕೂಡಲೇ ಕರೆತನ್ನಿ.

ಅಟ್ಟದಿಂದ ಇಳಿಸಿದ್ದು ಹೆಂಡತಿ. ನಾನು ಹತ್ತಿದರೆ ಬೂದಿ ಮೂಲೆಗೆ ಸರಿಯುತ್ತಿದ್ದಳು. ಹಸುಗಳಿಗೆ ಅಕ್ಕಚ್ಚು ಕೊಡುವ ಅಗಲ ಬಾಯಿಯ ಟಬ್ಬನ್ನು ತೊಳೆದು ತಂದೆವು. ನಾಲ್ಕು ಬೆರಳು ನೀರು. ನಲ್ಲಿ ಮುಚ್ಚಿದ್ದೆವು, ತಂಬಿಗೆ ಮಾತ್ರ. ಟಬ್ಬು ಜಾರುತ್ತದೆಂದು ಹೆಂಡತಿ ತಳಕ್ಕೆ ಒಂದು ಗೋಣಿಚೀಲ ಮಡಚಿ ಹಾಕಿದಳು. ಅವಳ ಯೋಚನೆಯಲ್ಲಿ ಇದ್ದದ್ದು ಟಬ್ಬು ಜಾರಬಾರದು ಎಂಬುದಷ್ಟೇ.

ಬೂದಿಯನ್ನು ಗೋಣಿಯ ಮೇಲೆ ನಿಲ್ಲಿಸಿದೆವು. ಗುರ್ ಎಂದಳು, ಕಿವಿ ಹಿಂದಕ್ಕೆ ಚಪ್ಪಟೆ ಮಾಡಿದಳು, ಬಾಲ ಬಡಿದಳು. ಆದರೆ ನಿಂತಳು. ಐದಾರು ನಿಮಿಷ. ನೀಲಿ ಹೋಗಿ ನೀರು ತಿಳಿಯಾಗುವ ತನಕ ಮೂರು ಸಲ ನೀರು ಬದಲಾಯಿಸಿದೆವು, ಅಷ್ಟು ಹೊತ್ತೂ ನಿಂತಿದ್ದಳು.

ಅರ್ಧ ಗಂಟೆಯ ಹಿಂದೆ ನನ್ನ ತೋಳು ಹರಿದ ಬೆಕ್ಕು ಇದೇ. ಬಚ್ಚಲು ಇದೇ, ಮನುಷ್ಯರು ಇವರೇ. ಏನು ಬದಲಾಯಿತು?

ಗೀರುಗಳನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದಿದ್ದೇನೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಸಾಕಿದ ಬೆಕ್ಕೇ ಆದರೂ ರೇಬೀಸ್ ವಿಷಯದಲ್ಲಿ ಊಹೆ ಮಾಡಿಕೊಂಡು ಕೂರಬಾರದು.

ಜೂನ್ 10

ವಾಂತಿ ಇಲ್ಲ. ಬೆಳಿಗ್ಗೆ ಅನ್ನ, ಮಜ್ಜಿಗೆಗೆ ಎಂದಿನಂತೆ ಬಂದಳು. ನನ್ನ ಕೈ ನೋಡಿ ಎರಡು ಹೆಜ್ಜೆ ಹಿಂದೆ ಹೋದಳು, ಹೆಂಡತಿಯ ಕಾಲಿಗೆ ಮೈ ಉಜ್ಜಿದಳು. ಇದರಿಂದ ನನಗೆ ನೋವಾಯಿತು.

ಇನ್ನೊಂದು ವಿಚಿತ್ರ. ಅವಳ ಮಗ ಕೆಂಚ, ಎರಡು ವರ್ಷದವನು, ಅವಳನ್ನು ನೋಡಿ ಬೆನ್ನು ಕಮಾನು ಮಾಡಿ ಹಿಸ್ ಎಂದ. ತಾಯಿಯ ಜೊತೆ ಒಂದೇ ಬೂದಿಗುಡ್ಡೆಯಲ್ಲಿ ಮಲಗುವವನು. ಅವಳು ಹತ್ತಿರ ಹೋದರೆ ಹಿಂಬಾಗಿಲಿನಿಂದ ಹೊರಗೆ ಓಡಿದ. ಕಣ್ಣಿಗೆ ಅವಳು ಅವಳೇ, ಒಂದು ಪಟ್ಟೆಯೂ ಬದಲಾಗಿಲ್ಲ. ಬದಲಾದದ್ದು ವಾಸನೆ. ಬೆಕ್ಕು ಬೆಕ್ಕನ್ನು ಗುರುತಿಸುವುದು ಮೊದಲು ಮೂಗಿನಿಂದ. ನಮ್ಮ ಶಾಂಪೂ ಅವಳ ಹೆಸರನ್ನೇ ಅಳಿಸಿಹಾಕಿತ್ತು. ನಿನ್ನೆ ಸ್ನಾನವಾದ ಮೇಲೂ ಒಂದು ಗಂಟೆಗೂ ಹೆಚ್ಚು ಹೊತ್ತು ಕೂತು ಮೈಯೆಲ್ಲ ನೆಕ್ಕಿದ್ದು ಯಾಕೆಂದು ನನಗೆ ಅರ್ಥವಾಗಿರಲಿಲ್ಲ. ಚೊಕ್ಕವಾದ ಮೈಯನ್ನು ಮತ್ತೆ ಚೊಕ್ಕ ಮಾಡುವುದೆಂದರೇನು? ಈಗ ಅನ್ನಿಸುತ್ತದೆ, ಅವಳು ತನ್ನ ವಾಸನೆಯನ್ನು ಮತ್ತೆ ಬರೆದುಕೊಳ್ಳುತ್ತಿದ್ದಳು.

ಸಂಜೆಯ ಹೊತ್ತಿಗೆ ಕೆಂಚ ಒಲೆಯ ಬಳಿ ಬಂದ. ಮೂಸಿದ, ಮತ್ತೆ ಮೂಸಿದ, ಪಕ್ಕದಲ್ಲಿ ಕೂತ. ಒಂದು ದಿನ ಬೇಕಾಯಿತು.

ಜೂನ್ 14

ಬೆಕ್ಕಿಗೆ ನೀರೆಂದರೆ ಭಯ ಎಂದು ಎಲ್ಲರೂ ಹೇಳುತ್ತಾರೆ. ಐದು ದಿನದಿಂದ ಗಮನಿಸುತ್ತಿದ್ದೇನೆ, ಈ ಮಾತು ನಿಲ್ಲುವುದಿಲ್ಲ.

ಅಂಗಳದ ಮೂಲೆಯಲ್ಲಿ ಅಬ್ಬಿ ನೀರಿನ ಪೈಪು ಹಗಲೂ ರಾತ್ರಿ ಸುರಿಯುತ್ತದೆ. ಬೂದಿ ಬಟ್ಟಲಿನ ನೀರು ಬಿಟ್ಟು ಅಲ್ಲಿಗೇ ಹೋಗಿ ಕುಡಿಯುತ್ತಾಳೆ. ಕುಡಿಯುವುದಕ್ಕೆ ಮೊದಲು ಮುಂಗಾಲಿನಿಂದ ಧಾರೆಯನ್ನು ಮುಟ್ಟಿ ನೋಡುತ್ತಾಳೆ, ಬೆರಳು ನೆಕ್ಕುತ್ತಾಳೆ, ಮತ್ತೆ ಮುಟ್ಟುತ್ತಾಳೆ. ತಲೆಯ ಮೇಲೆ ಹನಿ ಬಿದ್ದರೆ ಕಿವಿ ಕೊಡವಿ ಮುಂದುವರಿಯುತ್ತಾಳೆ. ನಿನ್ನೆ ರಾತ್ರಿ ಸಣ್ಣ ಮಳೆಯಲ್ಲೇ ಹೊರಟು ತುಳಸಿಕಟ್ಟೆಯ ಹಿಂದೆ ಕಪ್ಪೆಗೆ ಹೊಂಚು ಹಾಕಿ ಕಾಲು ಗಂಟೆ ಕೂತಿದ್ದಳು. ಬೆನ್ನು ಒದ್ದೆಯಾಗಿತ್ತು. ಅದರ ಪರಿವೆ ಇದ್ದಂತೆ ಕಾಣಲಿಲ್ಲ.

ಕುಡಿಯುವುದನ್ನು ಹತ್ತಿರದಿಂದ ನೋಡಿದರೆ ನಾಲಿಗೆ ನೀರಿನೊಳಗೆ ಮುಳುಗುವುದೇ ಇಲ್ಲ. ನಾಯಿ ನಾಲಿಗೆಯನ್ನು ಸೌಟಿನ ಹಾಗೆ ಮಡಚಿ ನೀರಿಗೆ ಹೊಡೆಯುತ್ತದೆ, ನೆಲವೆಲ್ಲ ಒದ್ದೆ. ಬೆಕ್ಕು ನಾಲಿಗೆಯ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ಸರಕ್ಕನೆ ಮೇಲಕ್ಕೆಳೆಯುತ್ತದೆ. ಜೊತೆಗೆ ಒಂದು ಸಣ್ಣ ನೀರಿನ ಕಂಬ ಏಳುತ್ತದೆ, ಅದು ಕುಸಿಯುವ ಮೊದಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು ನಾಲ್ಕು ಸಲ. 2010ರಲ್ಲಿ ಎಂಐಟಿಯ ಸಂಶೋಧಕರೂ ಅವರ ಜೊತೆಗಾರರೂ ವೇಗದ ಕ್ಯಾಮೆರಾ ಇಟ್ಟು ಇದನ್ನು ಅಳೆದರು. ಗದ್ದ, ಮೀಸೆ ನೆನೆಯದ ಹಾಗೆ ನೀರು ಕುಡಿಯಬಲ್ಲ ಪ್ರಾಣಿ ಇದು. ನೀರನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲವಳಿಗೆ ನೀರೇ ಶತ್ರು ಎಂದು ಹೇಳಲು ನನಗೆ ಮನಸ್ಸು ಬರುತ್ತಿಲ್ಲ. ಎಷ್ಟು, ಎಲ್ಲಿಗೆ, ಯಾವಾಗ ಎಂಬುದನ್ನು ತಾನೇ ತೀರ್ಮಾನಿಸಬೇಕು, ಅವಳ ಪಟ್ಟು ಅದು.

ಜೂನ್ 17

ಓದಿದವರೊಬ್ಬರು ಸಂತೆಯಲ್ಲಿ ಸಿಕ್ಕಿ ಹೇಳಿದರು, "ಬೆಕ್ಕು ಮರುಭೂಮಿಯ ಪ್ರಾಣಿ ಸ್ವಾಮಿ, ನೀರಿನ ಅಭ್ಯಾಸ ಇಲ್ಲ."

ಅರ್ಧ ನಿಜ. ಜಗತ್ತಿನ ಮನೆಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾದ ಕಾಡುಬೆಕ್ಕು ಎಂದು 2007ರ ಡಿಎನ್ಎ ಅಧ್ಯಯನ ಹೇಳಿತು. ಒಣ ನಾಡು. ಆದರೆ ಆ ಕಾರಣವೊಂದೇ ಸಾಕಾಗುವುದಿಲ್ಲ. ಅಬ್ಬಿ ನೀರಿಗೆ ಕೈ ಚಾಚುವ ಬೂದಿಯ ತಾಯಿ, ಅಜ್ಜಿ, ಮುತ್ತಜ್ಜಿ ಎಲ್ಲರೂ ವರ್ಷದ ನಾಲ್ಕು ತಿಂಗಳು ಮಳೆ ಸುರಿಯುವ ಇದೇ ಊರಿನವರು.

ಬೆಕ್ಕಿನ ಕುಲವನ್ನೇ ನೋಡಿದರೆ ನೀರಿಗೆ ಇಳಿಯುವವರು ಎಷ್ಟೊಂದು ಮಂದಿ. ಸುಂದರಬನದಲ್ಲಿ, ಚಿಲಿಕಾದಲ್ಲಿ ಮೀನು ಹಿಡಿಯುವ ಬೆಕ್ಕು ಇದೆ, ಪಶ್ಚಿಮ ಬಂಗಾಳದ ರಾಜ್ಯಪ್ರಾಣಿ ಅದು. ಮುಂಗಾಲಿನ ಬೆರಳುಗಳ ನಡುವೆ ತುಸು ಜಾಲಪೊರೆ, ಮೀನಿಗಾಗಿ ನೀರಿಗೆ ಧುಮುಕುತ್ತದೆ. ನಮ್ಮ ಹುಲಿ ಬೇಸಿಗೆಯ ಮಧ್ಯಾಹ್ನ ಗುಂಡಿಯ ನೀರಿನಲ್ಲೇ ಕೂತಿರುತ್ತದೆ. ನಾಗರಹೊಳೆಯಲ್ಲಿ ಒಮ್ಮೆ ಜೀಪಿನಿಂದ ನೋಡಿದ್ದೆ. ಹುಲಿ ಕೆರೆಯ ಅಂಚಿಗೆ ಬಂದು, ತಿರುಗಿ, ಬೆನ್ನು ಮಾಡಿಕೊಂಡು ಹಿಂದಿನಿಂದ ನೀರಿಗೆ ಇಳಿಯಿತು. ಮೊದಲು ಹಿಂಗಾಲು, ಆಮೇಲೆ ಸೊಂಟ, ಎದೆ. ಮುಖಕ್ಕೆ ನೀರು ತಾಗಲಿಲ್ಲ, ಕಣ್ಣು ದಡದ ಮೇಲೇ ಇತ್ತು. ಹುಲಿಗಳನ್ನು ಬಲ್ಲವರು ಅವು ಹೀಗೆ ಇಳಿಯುವುದನ್ನು ಎಷ್ಟೋ ಸಲ ಕಂಡಿದ್ದಾರೆ.

ಆ ನೆನಪು ಈಗ ಬೇರೆಯಾಗಿ ಕಾಣುತ್ತಿದೆ. ಅಷ್ಟು ದೊಡ್ಡ ಪ್ರಾಣಿಯೂ ನೀರಿಗಿಳಿಯುವಾಗ ಒಂದೊಂದೇ ಕಾಲು ಊರುತ್ತದೆ, ಮುಖ ಕಾಯ್ದುಕೊಳ್ಳುತ್ತದೆ, ಓಡುವ ದಾರಿಯನ್ನು ಕಣ್ಣೆದುರಿಗೆ ಇಟ್ಟುಕೊಳ್ಳುತ್ತದೆ. ಬೂದಿಗೆ ನಾನು ಮಾಡಿದ್ದು ಇದಕ್ಕೆ ಪೂರ್ತಿ ತಿರುಗುಮುರುಗು. ನೆಲ ತಪ್ಪಿಸಿದೆ, ಮುಖದ ಮೇಲೆ ನೀರು ಬಿಟ್ಟೆ, ಬಾಗಿಲು ಹಾಕಿದೆ.

ಜೂನ್ 23, ಆರಿದ್ರಾ

ಎಡೆಬಿಡದೆ ಮಳೆ. ಕರೆಂಟಿಲ್ಲ. ಬೂದಿ ನನ್ನ ಮಣಿಕಟ್ಟು ನೆಕ್ಕಿದಳು. ಎರಡು ವಾರದ ಮೇಲೆ ಮೊದಲ ಸಲ. ಗೀರು ಒಣಗಿದ ಜಾಗದಲ್ಲೇ. ಮರಳುಕಾಗದ ಉಜ್ಜಿದ ಹಾಗೆ ಒರಟು.

ಈ ನಾಲಿಗೆಯ ಬಗ್ಗೆ ಬರೆಯಲೇಬೇಕು, ಯಾಕೆಂದರೆ ನನ್ನ ಗೊಂದಲದ ಅರ್ಧ ಭಾಗ ಇದರಲ್ಲಿದೆ. ನಾಲಿಗೆಯ ಮೇಲೆ ಗಂಟಲ ಕಡೆಗೆ ಬಾಗಿದ ನೂರಾರು ಮುಳ್ಳುಗಳಿವೆ. ನಮ್ಮ ಉಗುರಿನ ವಸ್ತುವಾದ ಕೆರಾಟಿನ್‌ನಿಂದಲೇ ಆದವು. ಇವು ಗಟ್ಟಿ ಮುಳ್ಳುಗಳೆಂದೇ ಬಹಳ ಕಾಲ ತಿಳಿಯಲಾಗಿತ್ತು. 2018ರಲ್ಲಿ ಜಾರ್ಜಿಯಾ ಟೆಕ್‌ನ ಸಂಶೋಧಕರು ತುದಿಗಳನ್ನು ಪರೀಕ್ಷಿಸಿದಾಗ ಅವು ಪುಟ್ಟ ಸೌಟಿನಂತೆ ಟೊಳ್ಳಾಗಿದ್ದವು. ಬಾಯಿಯ ಜೊಲ್ಲು ತಾನಾಗಿ ಆ ಟೊಳ್ಳಿಗೆ ಏರುತ್ತದೆ. ನೆಕ್ಕಿದಾಗ ಕೂದಲ ಪದರ ದಾಟಿ ಚರ್ಮದ ತನಕ ಇಳಿಯುತ್ತದೆ. ಹುಲಿ, ಸಿಂಹದ ನಾಲಿಗೆಯಲ್ಲೂ ಇದೇ ಏರ್ಪಾಡು. ಜೊಲ್ಲು ಆರುವಾಗ ಮೈ ತಂಪಾಗುತ್ತದೆ. ಬೆಕ್ಕಿಗೆ ನಮ್ಮ ಹಾಗೆ ಮೈತುಂಬ ಬೆವರುವುದು ಗೊತ್ತಿಲ್ಲ, ಅಂಗಾಲಿನಲ್ಲಿ ಮಾತ್ರ ಬೆವರುತ್ತದೆ.

ಅಂದರೆ ಬೆಕ್ಕು ಮೀಯುವುದಿಲ್ಲ ಎಂಬ ಮಾತೇ ತಪ್ಪು. ಎಚ್ಚರವಿರುವ ಹೊತ್ತಿನಲ್ಲಿ ದೊಡ್ಡ ಪಾಲನ್ನು ಮೀಯುವುದಕ್ಕೇ ಕಳೆಯುತ್ತದೆ. ಬಾಚಣಿಗೆ, ತಂಬಿಗೆ, ಬೀಸಣಿಗೆ ಮೂರೂ ಒಂದೇ ನಾಲಿಗೆಯಲ್ಲಿವೆ. ಅಮ್ಮ ಅವತ್ತು ಹೇಳಿದ್ದು ಇದನ್ನೇ.

ಅಪಾಯವೂ ಇಲ್ಲಿಯೇ. ಮೈಗೆ ಏನೇ ಅಂಟಲಿ, ಅದು ಬಾಯಿಗೆ ಹೋಗುತ್ತದೆ. ಮುಳ್ಳುಗಳು ಒಳಮುಖವಾಗಿರುವುದರಿಂದ ನಾಲಿಗೆಗೆ ಬಂದದ್ದನ್ನು ಉಗುಳುವುದು ಅವಳಿಗೆ ಕಷ್ಟ, ನುಂಗುವುದು ಸುಲಭ. ಹಾಗಾದರೆ ಬೆಕ್ಕಿಗೆ ಮನುಷ್ಯ ಸ್ನಾನ ಮಾಡಿಸಬೇಕಾದ ಸಂದರ್ಭ ಯಾವುದು? ಕೊಳೆಯಾದಾಗಲೆಲ್ಲ ಅಲ್ಲ. ಅವಳ ನಾಲಿಗೆಗೆ ತಾಗಬಾರದ್ದು ಮೈಗೆ ತಾಗಿದಾಗ. ಮೈಲುತುತ್ತ, ಸೀಮೆಎಣ್ಣೆ, ಬೈಕಿನ ಹಳೆ ಆಯಿಲ್, ಪೇಂಟು. ಮೈ ಬಾಗದೆ ನೆಕ್ಕಿಕೊಳ್ಳಲಾರದ ಮುದಿ ಬೆಕ್ಕು, ಹುಳುಕಡ್ಡಿಯಂಥ ಚರ್ಮರೋಗಕ್ಕೆ ವೈದ್ಯರೇ ಔಷಧಿಯ ಸ್ನಾನ ಹೇಳಿದ ಬೆಕ್ಕು, ಇಷ್ಟು ಬಿಟ್ಟರೆ ನನಗೆ ಬೇರೆ ಕಾಣುತ್ತಿಲ್ಲ.

ಜುಲೈ 2

ಗೋಣಿಚೀಲದ ಪ್ರಶ್ನೆ ತಲೆಯಿಂದ ಹೋಗಿಲ್ಲ. ಒಂದೊಂದನ್ನೇ ಬೇರೆ ಮಾಡಿ ನೋಡೋಣವೆಂದು ಮಗಳು ಹೇಳಿದಳು. ನೀರಿಲ್ಲದೆ. ಬೂದಿಗೆ ಹಿಂಸೆಯಾಗಬಾರದು, ಬೇಡವೆಂದರೆ ಬಿಟ್ಟುಬಿಡಬೇಕು, ಇದು ಕರಾರು.

ಮೊದಲ ದಿನ ಖಾಲಿ ಟಬ್ಬಿನಲ್ಲಿ ಒಂದು ಚೂರು ಒಣಮೀನು ಇಟ್ಟೆವು. (ನಮ್ಮ ಮನೆಯಲ್ಲಿ ಮೀನು ತರುವುದಿಲ್ಲ. ಕೊನೆಗೌಡನ ಮನೆಯಿಂದ ಮಗಳು ಬೇಡಿ ತಂದದ್ದು.) ಬೂದಿ ಅಂಚಿಗೆ ಮುಂಗಾಲಿಟ್ಟು ಇಣುಕಿದಳು, ಒಳಗೆ ಒಂದು ಕಾಲಿಟ್ಟಳು. ಪ್ಲಾಸ್ಟಿಕ್ಕಿನ ಮೇಲೆ ಅಂಗಾಲು ಜಾರಿತು, ಟಕ್ಕನೆ ಹಿಂದೆಗೆದಳು. ಮೀನು ಅಲ್ಲೇ ಉಳಿಯಿತು. ಮರುದಿನ ಗೋಣಿ ಹಾಸಿದೆವು. ಇಳಿದಳು, ತಿಂದಳು, ಅಲ್ಲೇ ಕೂತು ಮುಖ ಒರೆಸಿಕೊಂಡಳು. ಮೂರನೆಯ ದಿನ ಗೋಣಿ ತೆಗೆದೆವು, ಇಳಿಯಲಿಲ್ಲ. ನಾಲ್ಕನೆಯ ದಿನ ಮತ್ತೆ ಹಾಸಿದೆವು, ಇಳಿದಳು.

ಐದನೆಯ ದಿನ ಗೋಣಿ ಇತ್ತು, ಆದರೆ ಪಕ್ಕದ ನಲ್ಲಿಯನ್ನು ಜೋರಾಗಿ ಬಿಟ್ಟೆವು. ಹತ್ತಿರವೇ ಬರಲಿಲ್ಲ. ನಮ್ಮ ಕಿವಿ ಸೆಕೆಂಡಿಗೆ 20 ಸಾವಿರ ಕಂಪನಗಳ ಸದ್ದಿನವರೆಗೆ ಕೇಳುತ್ತದೆ, ಬೆಕ್ಕಿನ ಕಿವಿ 60 ಸಾವಿರವನ್ನೂ ದಾಟುತ್ತದೆ. ಬಕೆಟ್ಟಿಗೆ ನೀರು ಬೀಳುವ ಸದ್ದು ನಮಗೆ ಬರೀ ನೀರಿನ ಸದ್ದು. ಇಲಿಯ ಚೀರಾಟವನ್ನು ಗೋಡೆಯ ಆಚೆಯಿಂದ ಕೇಳುವ ಕಿವಿಗೆ, ಕಾಂಕ್ರೀಟು ಗೋಡೆಯ ಮುಚ್ಚಿದ ಬಚ್ಚಲಿನಲ್ಲಿ, ಅದು ಏನಾಗಿ ಕೇಳುತ್ತದೋ.

ಗೋಣಿ ಏನು ಮಾಡಿತು ಎಂದು ಈಗ ಹೇಳಬಲ್ಲೆ. ಅವತ್ತು ಎರಡನೆಯ ಸ್ನಾನ ಮುಗಿದ ಮೇಲೆ ಅವಳನ್ನು ಎತ್ತುವಾಗ ಗೋಣಿಯೂ ಜೊತೆಗೇ ಎದ್ದು ಬಂದಿತ್ತು. ಹದಿನೆಂಟು ಉಗುರೂ ಸೆಣಬಿನ ಎಳೆಗಳಲ್ಲಿ ಊರಿದ್ದವು. ಒಂದೊಂದಾಗಿ ಬಿಡಿಸಬೇಕಾಯಿತು. ಹೆದರಿದಾಗ ಅವಳ ಉಗುರಿಗೆ ಹಿಡಿಯಲು ಏನಾದರೂ ಬೇಕು. ಬಕೆಟ್ಟಿನಲ್ಲಿ ಹಿಡಿಯಲು ಸಿಕ್ಕಿದ್ದು ನನ್ನ ತೋಳು ಮಾತ್ರ. ಅವಳು ನನ್ನನ್ನು ಪರಚಿದಳೆಂದು ಮೂರು ವಾರದಿಂದ ಹೇಳುತ್ತಿದ್ದೇನೆ. ಜಾರುವವರು ಕೊಂಬೆ ಹಿಡಿಯುವಂತೆ ಅವಳು ನನ್ನನ್ನು ಹಿಡಿದುಕೊಂಡಿದ್ದಳು.

ಜುಲೈ 6

ಕುತ್ತಿಗೆ ಹಿಡಿದು ಎತ್ತಿದ್ದರ ಬಗ್ಗೆ.

ಮೇಲುಕೋಟೆ ಕಡೆಯ ಸ್ನೇಹಿತರು ಮನೆಗೆ ಬಂದಿದ್ದರು. ಮಾತು ಬೂದಿಯ ಕಡೆ ಹೊರಳಿದಾಗ ಮಾರ್ಜಾಲಕಿಶೋರ ನ್ಯಾಯ ನೆನಪಿಸಿದರು. ಮಂಗನ ಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯುತ್ತದೆ, ಬೆಕ್ಕಿನ ಮರಿ ಸುಮ್ಮನೆ ಮೈಬಿಡುತ್ತದೆ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತಾಳೆ. ಶ್ರೀವೈಷ್ಣವರಲ್ಲಿ ವಡಗಲೈನವರಿಗೆ ಮೊದಲನೆಯದು, ತೆಂಗಲೈನವರಿಗೆ ಎರಡನೆಯದು ಶರಣಾಗತಿಯ ಹೋಲಿಕೆ. ಎಷ್ಟು ಚೆನ್ನಾಗಿ ಬೆಕ್ಕನ್ನು ನೋಡಿದ್ದಾರೆ ಅನ್ನಿಸಿತು.

ಆದರೆ ಅದು ಮರಿ, ಕಚ್ಚುವವಳು ತಾಯಿ. ಮರಿಯ ತೂಕ ಹಿಡಿ ಅಕ್ಕಿಯಷ್ಟು. ಬೂದಿ ಮೂರೂವರೆ ಕೆಜಿಯ ಬೆಳೆದ ಬೆಕ್ಕು. ಕುತ್ತಿಗೆಯ ಚರ್ಮದಲ್ಲಿ ನೇತಾಡಿಸಿದರೆ ಅವಳು ಮೈಬಿಡುವುದು ನಂಬಿಕೆಯಿಂದಲ್ಲ, ಬೇರೆ ದಾರಿಯಿಲ್ಲದೆ. ಬೆಕ್ಕಿನ ವೈದ್ಯರ ಅಂತರರಾಷ್ಟ್ರೀಯ ಸಂಘಟನೆಗಳು 2022ರ ಮಾರ್ಗಸೂಚಿಯಲ್ಲಿ ಹೀಗೆ ಹಿಡಿಯಬೇಡಿ ಎಂದೇ ಹೇಳಿವೆ. ನಾನು ಚಿಕ್ಕಂದಿನಿಂದ ಎಲ್ಲ ಬೆಕ್ಕುಗಳನ್ನೂ ಹಾಗೇ ಎತ್ತಿದ್ದೇನೆ. ಇನ್ನು ಇಲ್ಲ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ.

ಜುಲೈ 11

ಪಕ್ಕದ ಮನೆಯ ಅಕ್ಕ ಬಂದು ಕೇಳಿದರು, "ನಿಮ್ಮ ಬೂದಿ ನಿಂತು ಮಿಂದಳಂತಲ್ಲ ಮಾರಾಯ್ರೆ, ನಮ್ಮ ಬೆಕ್ಕಿಗೆ ಉಣುಗು ಆಗಿದೆ, ನಾಯಿಯ ಶಾಂಪೂ ಇದೆ, ಹಾಕಿ ತೊಳೆಯಲಾ?"

ಬೇಡವೆಂದು ಕೈ ಮುಗಿದು ಹೇಳಿದೆ. ನಮ್ಮ ಕಡೆ ಉಣುಗು ಎಂದರೆ ಭಯ ಸಹಜ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಉಣುಗು ಹರಡುವ ಮಂಗನ ಕಾಯಿಲೆ ಪತ್ತೆಯಾದ ಮೇಲೆ ಆ ಭಯ ಮನೆಮನೆಯಲ್ಲಿದೆ. ಆದರೆ ನಾಯಿಯ ಉಣುಗಿನ ಹಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ನಾಯಿ ತಡೆದುಕೊಳ್ಳುವ ಅದೇ ಪ್ರಮಾಣ ಬೆಕ್ಕಿಗೆ ನಡುಕ ಬರಿಸಿ ಕೊಲ್ಲಬಲ್ಲದು. ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೆಲವು ವಿಷಗಳನ್ನು ಕರಗಿಸಿ ಹೊರಹಾಕುವ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಅದಕ್ಕೇ ನಮಗೆ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ಬೆಕ್ಕಿಗೆ ಪ್ರಾಣಾಂತಿಕ. ಬಚ್ಚಲಿಗೆ ಹಾಕುವ ಫಿನಾಯಿಲ್ ಕೂಡ. ತೊಳೆದ ನೆಲದ ಮೇಲೆ ಬೆಕ್ಕು ನಡೆಯುತ್ತದೆ, ಆಮೇಲೆ ಅಂಗಾಲು ನೆಕ್ಕುತ್ತದೆ. ಮತ್ತೆ ನಾಲಿಗೆಯ ವಿಷಯವೇ. ಬೆಕ್ಕನ್ನು ಸ್ನಾನಕ್ಕೆ ನಿಲ್ಲಿಸುವ ಬಚ್ಚಲಿನಲ್ಲಿ ಅವತ್ತು ಫಿನಾಯಿಲ್ ಇರಲೇಬಾರದು.

ಉಣುಗಿಗೆ ಸಣ್ಣ ಹಲ್ಲಿನ ಬಾಚಣಿಗೆ, ವೈದ್ಯರು ಬೆಕ್ಕಿಗೆಂದೇ ಕೊಡುವ ಔಷಧಿ, ಇವೆರಡೇ ದಾರಿ ಎಂದೆ. ಅಕ್ಕ ಶಾಂಪೂ ಬಾಟಲಿ ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ಬೇಜಾರಾಯಿತೇನೋ.

ಜುಲೈ 15

ರಾತ್ರಿ ಮಗಳಿಗೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಹೇಳಿದೆ. ಇಲಿಗಳ ಕಾಟಕ್ಕೆ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೊಂದು ಹಸು ಕೊಡುತ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲು ಇಡುತ್ತಾನೆ, ಬಾಯಿ ಸುಟ್ಟ ಬೆಕ್ಕು ಮತ್ತೆಂದೂ ಹಾಲಿನ ಕಡೆ ನೋಡುವುದಿಲ್ಲ. ಎಲ್ಲರೂ ನಗುವ ಕತೆ. ಮಗಳು ನಗಲಿಲ್ಲ. "ಹಾಲು ಒಳ್ಳೇದೇ ಇತ್ತಲ್ಲ ಅಪ್ಪ, ಮೊದಲ ದಿನ ಬಿಸಿ ಇತ್ತು ಅಷ್ಟೆ" ಎಂದಳು.

ಅವಳ ಮಾತಿನಲ್ಲಿ ನಾನು ಒಂದು ತಿಂಗಳಿಂದ ಹುಡುಕುತ್ತಿದ್ದದ್ದು ಇತ್ತು. ಬೂದಿಗೆ ಸ್ನಾನವೆಂದರೆ ಏನು ಎಂಬುದನ್ನು ಮೊದಲ ಅರ್ಧ ನಿಮಿಷದಲ್ಲಿ ನಾನೇ ಕಲಿಸಿದ್ದೆ. ಇವತ್ತಿಗೂ ಬಚ್ಚಲ ಬಾಗಿಲನ್ನು ನಾನು ಎಳೆದರೆ ಒಲೆಯ ಬಳಿಯಿಂದ ಎದ್ದು ಹೊರಗೆ ಬರುತ್ತಾಳೆ. ಹೆಂಡತಿ ಎಳೆದರೆ ಏಳುವುದಿಲ್ಲ.

ಜುಲೈ 25, ಪುಷ್ಯ

ಎರಡನೆಯ ಸುತ್ತಿನ ಔಷಧಿ. ಮೊದಲ ಸುತ್ತು ಮುಗಿದು 46 ದಿನ. ಮಳೆ ಬಿಡದೆ ಒಂದು ದಿನ ತಡವಾಯಿತು. ಬೆಳಿಗ್ಗೆಯೇ ಬೂದಿ, ಕೆಂಚ ಇಬ್ಬರನ್ನೂ ಉಗ್ರಾಣದಲ್ಲಿ ಹಾಕಿ ಅನ್ನ ನೀರು ಇಟ್ಟೆವು. ಡ್ರಮ್ಮುಗಳಿಗೆ ಹಲಸಿನ ಹಲಗೆ, ಮೇಲೊಂದು ಕಲ್ಲು. ಉಳಿದ ದ್ರಾವಣವನ್ನು ಸಂಜೆಗೆ ಇಡಲಿಲ್ಲ, ಎರಡು ಮರಗಳಿಗೆ ಮತ್ತೆ ಹೊಡೆದು ಖಾಲಿ ಮಾಡಿಸಿದೆ.

ದೀಪಾವಳಿ, ನೀರು ತುಂಬುವ ದಿನ

ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಹಿಂಡಲಕಾಯಿ ಬಳ್ಳಿ ಸುತ್ತಿದ್ದಾರೆ. ಒಲೆ ಗುಡಿಸಿ ಬೂದಿ ತೆಗೆದಿದ್ದರಿಂದ ಬೂದಿಗೆ ಮಲಗಲು ಜಾಗವಿಲ್ಲ. ಹಂಡೆಯ ಪಕ್ಕದ ಕಟ್ಟೆಯ ಮೇಲೆ ಕೂತು ನೀರು ತುಂಬುವುದನ್ನೇ ನೋಡುತ್ತಿದ್ದಾಳೆ. ಕೊಡದಿಂದ ಬೀಳುವ ಧಾರೆಗೆ ಒಮ್ಮೆ ಕೈ ಚಾಚಿದಳು.

ನಾಳೆ ಬೆಳಿಗ್ಗೆ ಎಲ್ಲರಿಗೂ ಎಣ್ಣೆಸ್ನಾನ. ಬೂದಿಗೂ ಮಾಡಿಸೋಣವಾ ಎಂದು ಬಂದ ನೆಂಟರ ಮಕ್ಕಳು ಕೇಳಿದರು. ಅಮ್ಮ ಬೇಡವೆಂದರು, ನಾನೂ ಬೇಡವೆಂದೆ. ಅವಳ ಮೈ ಚೊಕ್ಕವಾಗಿದೆ. ಈಗ ಈ ಬರೆಯುವ ಹೊತ್ತಿನಲ್ಲೂ ಬೆಂಕಿಯ ಕಡೆ ಬೆನ್ನು ಮಾಡಿ ಹೊಟ್ಟೆ ನೆಕ್ಕಿಕೊಳ್ಳುತ್ತಿದ್ದಾಳೆ, ನೀಲಿ ಅಂಟಿದ್ದ ಜಾಗವನ್ನೇ. ನಾನು ಒಳಗೆ ಬಂದಾಗ ಎದ್ದು ಹೋಗಲಿಲ್ಲ.

ತೋಟವಿದ್ದು ಬೆಕ್ಕೂ ಇರುವವರಲ್ಲಿ ಒಂದು ಕೋರಿಕೆ. ಔಷಧಿ ಹೊಡೆಯುವ ದಿನ ಡ್ರಮ್ಮಿಗೆ ಹಾಳೆ ಮುಚ್ಚಬೇಡಿ, ಹಲಗೆ ಮುಚ್ಚಿ ಕಲ್ಲು ಹೇರಿ. ಬಿದ್ದೇಬಿಟ್ಟರೆ ಮೊದಲು ಟವೆಲಿನಲ್ಲಿ ಸುತ್ತಿ, ವೈದ್ಯರಿಗೆ ಫೋನ್ ಮಾಡಿ, ಟಬ್ಬಿನ ತಳಕ್ಕೆ ಒಂದು ಗೋಣಿಚೀಲ ಹಾಸಿ.